ಸಹಿ ಬಿದ್ದ ಖಾಲಿ ಹಾಳೆ

ಹಾಳೆ ಹರಿದವಳು ನಾನೇ. ಊರೆಲ್ಲ ಇವತ್ತಿಗೂ ಅದನ್ನೇ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಆದರೆ ಹರಿಯುವ ಮುಂಚೆ ಏನಾಯಿತು ಅನ್ನುವುದನ್ನು ಒಬ್ಬರೂ ಹೇಳುವುದಿಲ್ಲವಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಖಟಕ ಚಿಂಚೋಳಿಯಿಂದ ಭಾಲ್ಕಿಗೆ ಹೋಗುವ ಬಸ್ಸು ಮನಸ್ಸಾದರೆ ನಿಲ್ಲುವ ಊರು ನಮ್ಮದು. ಸರ್ಕಾರಿ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ಬಾಗಿಲಿಗೆ ಜೋತುಬಿದ್ದು ಭಾಲ್ಕಿಗೆ ಹೋಗಬೇಕು. ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ. ನನ್ನ ತವರು ಔರಾದ ಕಡೆಯ ಹಳ್ಳಿ, ನನ್ನ ಓದೂ ಏಳಕ್ಕೇ ನಿಂತದ್ದು. ಅದಕ್ಕೇ ಶಾಲೆಯ ಪಾಲಕರ ಸಮಿತಿಗೆ ಅಧ್ಯಕ್ಷೆ ಆಗು ಎಂದಾಗ ಹೂಂ ಅಂದುಬಿಟ್ಟೆ. ನನ್ನ ಮಗಳು ಸಾನಿಕಾ ಆಗ ನಾಲ್ಕನೇ ತರಗತಿ.

ಈ ವರ್ಷ ಅದೃಷ್ಟ ತಾನಾಗಿ ಬಾಗಿಲಿಗೆ ಬಂತು. ಎಂಟನೇ ತರಗತಿ ಕೊಡುತ್ತೇವೆ, ಅದಕ್ಕೊಂದು ಕೋಣೆಯನ್ನೂ ಕೊಡುತ್ತೇವೆ ಎಂದರು ಶಿಕ್ಷಣ ಇಲಾಖೆಯವರು. ಸಮಿತಿಯ ಒಂಬತ್ತೂ ಜನರ ಸಹಿ ಇರುವ ನಿರ್ಣಯ, ನಮ್ಮ ಕಡೆಯ ಮಾತಿನಲ್ಲಿ ಠರಾವು, ಶನಿವಾರದೊಳಗೆ ಭಾಲ್ಕಿಯ ಆಫೀಸಿಗೆ ಮುಟ್ಟಬೇಕು, ಅಷ್ಟೇ. ನನಗೆ ಮೊದಲು ನೆನಪಾದವಳು ಗುಲಶನ. ಟೇಲರ್ ಅಮೀರ ಪಾಶಾನ ಮಗಳು, ಏಳನೇ ತರಗತಿ, ಲೆಕ್ಕದಲ್ಲಿ ಹೆಡ್ ಮಾಸ್ತರರನ್ನೇ ತಡವರಿಸುವಂತೆ ಮಾಡುವ ಹುಡುಗಿ. ಅವಳಪ್ಪ ಖಡಾಖಂಡಿತ ಹೇಳಿದ್ದ: "ಊರಾಗ ಕ್ಲಾಸ್ ಬಂದ್ರ ಓದಸ್ತೇನಿ ಪ್ರಮಿಲಾಬಾಯಿ. ಬಸ್ಸಿಗಿ ಮಾತ್ರ ಕಳಸಂಗಿಲ್ಲ."

ಮಂಗಳವಾರ ಸಭೆ ಕರೆದೆವು. ನಮ್ಮಲ್ಲೊಂದು ರೂಢಿಯಿದೆ. ಬಂದವರು ಮೊದಲು ಠರಾವು ಪುಸ್ತಕದ ಖಾಲಿ ಹಾಳೆಯಲ್ಲಿ, ಕೆಳಗೆ, ಸಹಿ ಹಾಕುತ್ತಾರೆ. ಆಮೇಲೆ ಚಹಾ, ಆಮೇಲೆ ಮಾತು. ಎಲ್ಲರೂ ಮನೆಗೆ ಹೋದ ಮೇಲೆ ಹೆಡ್ ಮಾಸ್ತರರು ಮೇಲಿನ ಜಾಗದಲ್ಲಿ ಠರಾವು ಬರೆಯುತ್ತಾರೆ. ಅವತ್ತೂ ಒಂಬತ್ತು ಸಹಿ ಬಿದ್ದವು, ಚಹಾ ಬಂತು. ಕುಡಿದು ಎದ್ದು ಹೋಗಿದ್ದರೆ ಏನು ಗಂಟು ಹೋಗುತ್ತಿತ್ತು?

ಶಿವರಾಜ ಗಂಟಲು ಸರಿಮಾಡಿಕೊಂಡ. ಶಾಲೆಗೆ ಜಾಗ ಕೊಟ್ಟವರು ಅವನ ಅಜ್ಜ.

"ಎಂಟನೇ ಕ್ಲಾಸ್ ಬರ್ಲಿ, ಸಂತೋಷ. ಜತಿಗಿ ಸಾಲಿಗಿ ನಮ್ಮ ಅಜ್ಜನ ಹೆಸರು ಇಡ್ರಿ. ಜಾಗ ಪುಕ್ಕಟ ಕೊಟ್ಟವ ಯಾರ್ರಿ?"

ಅಮೀರ ಪಾಶಾ ಕಪ್ಪು ಕೆಳಗಿಟ್ಟ. ಅವನ ಅಜ್ಜ ಈ ಊರಿನ ಮೊದಲ ಮಾಸ್ತರ, ಬೇವಿನ ಗಿಡದ ಕೆಳಗೆ ಪಾಠ ಹೇಳಿದವರು.

"ಬರೇ ಜಾಗದಿಂದ ಸಾಲಿ ಆಗ್ತದೇನ್ರಿ? ಕಲಸಿದವ್ರು ನಮ್ಮ ದಾದಾ. ನಿಮ್ಮ ಅಜ್ಜಗ ಸಹಿ ಮಾಡದು ಕಲಸಿದವ್ರೂ ಅವರೇ."

"ಅಂದ್ರ ನಮ್ಮ ಅಜ್ಜ ಹೆಬ್ಬೆಟ್ಟು ಅಂತೀಯೇನು?"

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲೀಬ್ಯಾಡ್ರೆಪ್ಪ," ಎಂದೆ. "ಕೋಣಿ ಬರ್ಲಿ, ಹೆಸರು ಆಮ್ಯಾಲ ನೋಡಮು."

ಯಾರು ಕೇಳುತ್ತಾರೆ? ಹೆಡ್ ಮಾಸ್ತರರದೋ ಅಡ್ಡಗೋಡೆಯ ಮೇಲೆ ದೀಪ: "ಇಬ್ಬರದೂ ಖರೇ ಅದ್ರಿ." ಛಾವಣಿ ಸೋರುತ್ತದೆ, ನಲ್ಲಿಯಲ್ಲಿ ನೀರಿಲ್ಲ, ಇವರಿಗೆ ಹೆಸರು ಬೇಕು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!

ಆಗ ಶಿವರಾಜನ ಕಣ್ಣು ಪುಸ್ತಕದ ಮೇಲೆ ಬಿತ್ತು. "ಸಹಿ ಆಗ್ಯಾವಲ್ಲ ಸರ್, ಹೆಸರಿನ ಠರಾವೂ ಅದ್ರಾಗೇ ಬರದು ಬಿಡ್ರಿ."

"ನನ್ನ ಸಹಿ ಮ್ಯಾಲ ಇವರ ಅಜ್ಜನ ಹೆಸರೇನು?" ಅಮೀರ ಪಾಶಾ ಧಡಕ್ಕನೆ ಎದ್ದ. "ನನ್ನ ಸಹಿ ಹೊಡದು ಹಾಕ್ರಿ ಮೊದಲ!"

ಒಬ್ಬ ಪುಸ್ತಕ ಎಳೆದ, ಇನ್ನೊಬ್ಬನೂ ಎಳೆದ. ಚಹಾ ಚೆಲ್ಲಿತು. ನನ್ನ ತಲೆ ಕೆಟ್ಟುಹೋಯಿತು. ಪುಸ್ತಕ ಕಸಿದುಕೊಂಡು, ಆ ಹಾಳೆಯನ್ನು ಪರ್ರನೆ ಹರಿದು, ನಾಲ್ಕು ತುಂಡು ಮಾಡಿ ಒಗೆದೆ.

"ತಗೋರಿ, ಹಂಚ್ಕೋರಿ ನಿಮ್ಮ ಅಜ್ಜಂದಿರ್ನ!"

ಒಂದು ಕ್ಷಣ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಮೇಲೆ ತಿರುಗಿದರು. ಅವತ್ತು ಅವರು ಒಂದಾದದ್ದು ಅಷ್ಟಕ್ಕೇ. ಹಿರಿಯರ ಮರ್ಯಾದೆ ತೆಗೆದಳು ಎಂದು ಎದ್ದು ಹೋದರು.

ಮರುದಿನ ಠರಾವನ್ನು ಪೂರ್ತಿ ಬರೆಸಿಕೊಂಡು ಮನೆಮನೆ ತಿರುಗಿದೆ. ಶುಕ್ರವಾರದ ಹೊತ್ತಿಗೆ ನನ್ನದೂ ಸೇರಿ ಏಳು ಸಹಿ. ಉಳಿದವರು ಅವರಿಬ್ಬರೇ.

"ಓದಿ ನೋಡ್ರಿ ಶಿವರಾಜಣ್ಣ, ಹೆಸರಿನ ಸುದ್ದಿನೇ ಇಲ್ಲ."

"ನಡುವ ಎರಡು ಸಾಲು ಖಾಲಿ ಬಿಟ್ಟೀರಲ್ಲ, ಯಾಕ?"

ಅವನ ಎದುರಿಗೇ ಆ ಸಾಲುಗಳ ಮೇಲೆ ಗೆರೆ ಎಳೆದೆ. ಆದರೂ ಪೆನ್ನು ಮುಟ್ಟಲಿಲ್ಲ. "ಮೊದಲ ಪಾಶಾ ಮಾಡ್ಲಿ, ಆಮ್ಯಾಲ ನಾ ಮಾಡ್ತೇನಿ."

ಅಮೀರ ಪಾಶಾನ ಅಂಗಡಿಗೆ ಓಡಿದೆ. ಅವನದೂ ಅದೇ ರಾಗ: "ಮೊದಲ ಶಿವರಾಜ ಮಾಡ್ಲಿ."

"ತಪ್ಪಾಯ್ತು ಪಾಶಾಭಾಯ್, ಕಾಲಿಗಿ ಬೀಳ್ತೇನಿ. ಗುಲಶನ ಸಲುವಾಗಿ ಮಾಡ್ರಿ."

ಗುಲಶನ ಒಳಬಾಗಿಲ ಪರದೆ ಹಿಡಿದು ನಿಂತಿದ್ದಳು. ಅವನು ಮಷೀನು ನಿಲ್ಲಿಸಲಿಲ್ಲ. "ನಮ್ಮ ದಾದಾಗ ತುಂಡ್ ಮಾಡಿ ಒಗದ್ರಿ ನೀವು," ಎಂದ.

ಶನಿವಾರ ಬಂತು, ಹೋಯಿತು. ಎಂಟನೇ ತರಗತಿ ತಾಲೂಕಿನ ಇನ್ನೊಂದು ತುದಿಯ ಊರಿನ ಪಾಲಾಯಿತು. ಶಿವರಾಜ ತನ್ನ ಮಗಳು ಪೂನಮಳನ್ನು ಬೀದರದ ತಂಗಿಯ ಮನೆಯಲ್ಲಿಟ್ಟು ಇಂಗ್ಲಿಷ್ ಶಾಲೆಗೆ ಸೇರಿಸಿದ. ಅವನಿಗೇನು, ನಡೆಯುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಕೊಯ್ದದ್ದು ನನ್ನ ಮೂಗಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಜೂನ್ ಕೊನೆಗೆ ಸಮವಸ್ತ್ರದ ಬಟ್ಟೆ ಬಂತು. ಹೊಲಿಸುವುದು ನಾವೇ, ಊರಿಗೆ ಒಬ್ಬನೇ ಟೇಲರ್. ಸಾನಿಕಾಳ ಅಳತೆ ಕೊಡಲು ಹೋದಾಗ ಗುಲಶನ ಅಂಗಡಿಯ ನೆಲದ ಮೇಲೆ ಶಾಲೆಯ ಅಂಗಿಗಳ ರಾಶಿ ಹಾಕಿಕೊಂಡು ಗುಂಡಿ ಹಚ್ಚುತ್ತಿದ್ದಳು.

"ಎಷ್ಟವ ಅಂಗಿ?" ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

"ಮೂವತ್ತೆರಡು ಕಾಕು. ಒಂದಕ್ಕ ಆರು ಗುಂಡಿ, ನೂರಾ ತೊಂಬತ್ತೆರಡು." ಉಸಿರು ತೆಗೆದುಕೊಳ್ಳುವಷ್ಟೂ ಹೊತ್ತು ಬೇಕಾಗಲಿಲ್ಲ ಅವಳಿಗೆ. ಸಾನಿಕಾಳ ಭುಜಕ್ಕೆ ಟೇಪು ಹಿಡಿಯುತ್ತ ಕೇಳಿದಳು, "ಕಡೀಕ ಸಾಲಿಗಿ ಯಾರ ಹೆಸರು ಇಟ್ರಿ ಕಾಕು?"

ಮಷೀನು ನಿಂತಿತು. ಅಮೀರ ಪಾಶಾ ತಲೆ ಎತ್ತಲಿಲ್ಲ.

"ಯಾರದೂ ಇಲ್ಲವ್ವ."

"ಮತ್ತ ನಾ ಯಾಕ ಮನ್ಯಾಗ ಕುಂತೇನಿ?"

ಅವಳ ಅಪ್ಪ ಮತ್ತೆ ಮಷೀನು ತುಳಿಯತೊಡಗಿದ. ಅವಳು ಅಳತೆ ಬರೆದುಕೊಂಡು ಮುಂದಿನ ಅಂಗಿ ಎತ್ತಿಕೊಂಡಳು.