ಚಾಡಿಕೋರ ಪೆಟ್ಟಿಗೆ

ಆ ಹೋಟೆಲಿನ ಊಟದ ಹಾಲಿನಲ್ಲಿ, ವೇದಿಕೆಗೆ ನೇರ ಎದುರಾಗಿ, ಬಾಗಿಲಿನ ಮೇಲೆ ಮೂರು ದೀಪಗಳಿದ್ದವು. ಸದ್ದು ಅಳತೆಯಲ್ಲಿದ್ದರೆ ಹಸಿರು. ಸ್ವಲ್ಪ ಏರಿದರೆ ಹಳದಿ. ಮೀರಿತೋ, ಕೆಂಪು. ಕೆಂಪು ದೀಪ ನಾಲ್ಕು ಉಸಿರಿನಷ್ಟು ಹೊತ್ತು ಉರಿದರೆ ವೇದಿಕೆಯ ಕರೆಂಟು ತಾನಾಗಿ ಹೋಗುತ್ತಿತ್ತು. ಹಾಡುತ್ತಿರುವವರು ಯಾರು, ಯಾವ ಸಾಲಿನಲ್ಲಿದ್ದಾರೆ ಎಂದು ಅದು ಕೇಳುತ್ತಿರಲಿಲ್ಲ.

ಹೋದ ಸಲ ಹಾಗೇ ಆಗಿತ್ತು. ತಂಡದಲ್ಲಿ ಹಾಡುವ ಅಕ್ಕ ಕಣ್ಣು ಮುಚ್ಚಿ ಮೇಲಿನ ಸ್ವರಕ್ಕೆ ಹತ್ತಿದ್ದಳು; ಮೈಕು ಸತ್ತು, ಅಷ್ಟು ದೊಡ್ಡ ಧ್ವನಿ ಕೋಣೆಯ ಮೂಲೆಯಲ್ಲಿ ಅಳುವ ಮಗುವಿನ ದನಿಯಷ್ಟಾಯಿತು. ಜನ ನಕ್ಕರು. ಕಾರಣ ಡ್ರಮ್ಸ್. ಡ್ರಮ್ಸ್ ಬಾರಿಸುವವನು ಅವಳ ತಮ್ಮ. ಚಿಕ್ಕಂದಿನಲ್ಲಿ ಡಬ್ಬ ಬಡಿದು ಬಡಿದು ಸಂಪಾದಿಸಿದ ಹೆಸರು ಗುಡುಗು. ಹೆತ್ತವರಿಟ್ಟ ಹೆಸರು ಈಗ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಕೀಬೋರ್ಡ್ ನುಡಿಸುತ್ತಿದ್ದವರು, ತಂಡವನ್ನು ನಡೆಸುತ್ತಿದ್ದವರು ಅಕ್ಕನ ಗಂಡ. ಸಾಮಾನು ಇಳಿಸುವಾಗಲೇ ಅವರು ಮಾತು ಮುಗಿಸಿಬಿಟ್ಟರು.

"ನೋಡು ಗುಡುಗು, ನಿನ್ನಕ್ಕ ಕೇಳ್ಕೊಂಡ್ಳು ಅಂತ ಇದೊಂದು ಸಲ. ಇವತ್ತೂ ಆ ದೀಪ ಕರೆಂಟು ತೆಗೀತೋ, ಮುಂದಿನ ವಾರದಿಂದ ತಾಳ ನನ್ನ ಕೀಬೋರ್ಡಲ್ಲೇ. ಒಂದು ಗುಂಡಿ ಒತ್ತಿದ್ರೆ ಸಾಕು. ಅದು ಟೀ ಕೇಳಲ್ಲ, ತಡವಾಗಿ ಬರಲ್ಲ."

"ಬೈಸ್ಕೊಳ್ಳೋದೂ ಇಲ್ಲ ಭಾವ. ನಿಮಗೇ ಹೊತ್ತು ಹೋಗಲ್ಲ."

ಭಾವ ನಗಲಿಲ್ಲ. ಗುಡುಗು ಕೂಡ ಒಳಗೊಳಗೆ ನಗುತ್ತಿರಲಿಲ್ಲ. ಆ ಸ್ಟೂಲಿನ ಮೇಲೆ ಕೂರುವುದನ್ನು ಬಿಟ್ಟರೆ ಅವನಿಗೆ ಬೇರೆ ಜಾಗ ಗೊತ್ತಿರಲಿಲ್ಲ.

ಅದಕ್ಕೇ ಈ ಸಲ ಹೊಸ ಮಾಡ್ಯೂಲ್ ಬಂದಿತ್ತು. ದೊಡ್ಡ ಡ್ರಮ್ಮಿನ ಮರದ ಅಂಚಿಗೆ ಕಚ್ಚಿಕೊಂಡು ಕೂರುವ ಒಂದು ಪುಟ್ಟ ಮೈಕು. ಅದರಿಂದ ಹೊರಟ ತಂತಿ ಅವನ ಎಡಗೈ ಪಕ್ಕದ ಒಂದು ಪೆಟ್ಟಿಗೆಗೆ. ಡ್ರಮ್ಮುಗಳ ಚರ್ಮಕ್ಕೆ ಬಟ್ಟೆ ಹೊದಿಸಿ, ತೆಳ್ಳನೆಯ ಕಡ್ಡಿಗಳ ಕಟ್ಟಿನಿಂದ ಮೆಲ್ಲಗೆ ತಟ್ಟಿದರೂ ಸಾಕು, ಪೆಟ್ಟಿಗೆ ಅದನ್ನು ತುಂಬಿದ ಸದ್ದಾಗಿ ಮಾಡಿ ಸ್ಪೀಕರಿಗೆ ಕೊಡುತ್ತಿತ್ತು. ಎಷ್ಟು ಕೊಡಬೇಕೆಂಬುದು ಭಾವನ ಪಕ್ಕದ, ಸದ್ದುಗಳನ್ನು ಬೆರೆಸುವ ಮಿಕ್ಸರಿನ ಕೈಯಲ್ಲಿತ್ತು. ಅದೇ ಸದ್ದು ಗುಡುಗಿನ ಎರಡೂ ಕಿವಿಗಳೊಳಗೆ ಬಿಗಿಯಾಗಿ ಕೂರುವ ಇನ್-ಇಯರಿಗೂ ಬರುತ್ತಿತ್ತು. ಜೊತೆಗೆ ಭಾವನ ಕೀಬೋರ್ಡು. ಜೊತೆಗೆ, ಅವನೊಬ್ಬನಿಗೇ ಕೇಳುವ ಹಾಗೆ, ಲಯ ಹಿಡಿದಿಡುವ ಕ್ಲಿಕ್. ಭಾವ ಕೀಬೋರ್ಡಿನೊಳಗೆ ಮೊದಲೇ ತುಂಬಿಟ್ಟಿದ್ದ ಪಿಟೀಲುಗಳು ಅದೇ ಲೆಕ್ಕದಲ್ಲಿ ಓಡುತ್ತಿದ್ದರಿಂದ, ಕ್ಲಿಕ್ ಬಿಟ್ಟು ಒಂದು ಹೆಜ್ಜೆ ಆಚೀಚೆ ಇಡುವಂತಿರಲಿಲ್ಲ.

ಸೌಂಡ್ ಚೆಕ್ ಮಾಡುವಾಗ ಅಕ್ಕ ಬಿಸಿನೀರಿನ ಲೋಟ ಹಿಡಿದು ಕುರ್ಚಿಯಲ್ಲಿ ಕೂತಿದ್ದಳು. ಎರಡು ದಿನದಿಂದ ಗಂಟಲು ಕಟ್ಟಿತ್ತು. "ನನ್ನದು ಏನೂ ನೋಡ್ಬೇಡಿ, ಇರೋ ದನಿ ಹಾಡಿಗೇ ಇರ್ಲಿ" ಎಂದಳು. ಹೀಗಾಗಿ ಅವಳ ಮೈಕಿನಿಂದ ತಮ್ಮನ ಕಿವಿಗೆ ಬರಬೇಕಾದ ತಂತಿಯೊಂದು ಚೀಲದಲ್ಲೇ ಉಳಿಯಿತು. ಯಾರಿಗೂ ಅದು ನೆನಪಾಗಲಿಲ್ಲ.

ಭಾವ ಬಗ್ಗಿ ದೊಡ್ಡ ಡ್ರಮ್ಮಿನ ಪಕ್ಕದ ತಂತಿ ಸರಿಮಾಡುತ್ತಾ ಗೊಣಗಿದರು: "ಆ ಮ್ಯಾನೇಜರ್ ಮುಖ ನೋಡು, ನಿಂಬೆಹಣ್ಣು ಕಚ್ಚಿದ ಹಾಗಿದೆ."

ಗವಿಯೊಳಗಿನಿಂದ ಯಾರೋ ಮಹಾತ್ಮರು ನುಡಿದಂತೆ ಹಾಲಿನ ನಾಲ್ಕೂ ಮೂಲೆಗಳಿಂದ ಆ ಮಾತು ಹೊರಬಂತು. "ಹಾಗಿದೆ... ಗಿದೆ... ದೆ..."

ದೂರದ ಮೇಜಿನ ಬಳಿ ಚಮಚ ಜೋಡಿಸುತ್ತಿದ್ದ ಮ್ಯಾನೇಜರ್ ತಲೆ ಎತ್ತಿದ. "ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ ಸಾರ್. ನಿಂಬೆಹಣ್ಣೂ ಇಲ್ಲ."

ಅಕ್ಕ ಲೋಟದೊಳಗೇ ನಕ್ಕಳು. "ಇದು ಚಾಡಿಕೋರ ಪೆಟ್ಟಿಗೆ ಕಣೋ. ಇದರ ಪಕ್ಕದಲ್ಲಿ ಯಾರೂ ಬಾಯಿ ಬಿಡಬಾರದು."

ಮ್ಯಾನೇಜರ್ ಹತ್ತಿರ ಬಂದು ದೀಪದ ಕಡೆ ಕೈ ತೋರಿಸಿದ. "ನಾನೇನೂ ಹೇಳಲ್ಲ. ಮೇಲಿನ ರೂಮುಗಳಲ್ಲಿ ಜನ ಮಲಗಿರ್ತಾರೆ. ಆ ಡಬ್ಬಿ ಉಂಟು, ನೀವುಂಟು."

ಅಂದಿನ ಕಾರ್ಯಕ್ರಮ ಮದುವೆಯಾಗಿ ಐವತ್ತು ವರ್ಷ ತುಂಬಿದ ಒಂದು ಗಂಡಹೆಂಡಿರದು. ಮಕ್ಕಳು, ಮೊಮ್ಮಕ್ಕಳು, ನೆಂಟರು ಮಧ್ಯಾಹ್ನದ ಊಟಕ್ಕೆ ಕೂತರು. ಆರಂಭಕ್ಕೆ ಮುಂಚೆ ಅಕ್ಕ ಯಾವಾಗಿನಂತೆ ಡ್ರಮ್ಮಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ನಮ್ಮ ಸದ್ದು ಯಾರಿಗೂ ಭಾರವಾಗದಿರಲಿ ದೇವರೇ, ಎಂಬುದು ಅವಳ ಪ್ರಾರ್ಥನೆ. ಇವತ್ತು ಪೆಟ್ಟಿಗೆಗೆ ಕೇಳಿಸದಂತೆ ಮನಸ್ಸಿನಲ್ಲೇ ಹೇಳಿಕೊಂಡಳು.

ಗುಡುಗು ಇನ್-ಇಯರ್ ಒತ್ತಿ ಕೂರಿಸಿದ. ಚಮಚಗಳ ಸದ್ದು, ಮಕ್ಕಳ ಕಿರುಚಾಟ, ಕುರ್ಚಿ ಎಳೆಯುವುದು, ಎಲ್ಲ ಒಂದೇ ಏಟಿಗೆ ನಿಂತುಹೋಯಿತು. ಭಗವಂತ ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ. ಬೇಡವೆಂದರೂ ಒಬ್ಬರ ದನಿ ಇನ್ನೊಬ್ಬರಿಗೆ ತಾಗಲೆಂದೇ ಹಾಗೆ ಬಿಟ್ಟನೋ ಏನೋ. ಮನುಷ್ಯ ಆ ಕೊರತೆಯನ್ನೂ ತುಂಬಿಕೊಂಡಿದ್ದಾನೆ.

ಮೊದಲ ಹಾಡುಗಳು ಹಸಿರಿನಲ್ಲೇ ಸಾಗಿದವು. ಗುಡುಗು ದೀಪದಿಂದ ಕಣ್ಣು ಕೀಳಲಿಲ್ಲ. ಕೈಯಲ್ಲಿ ಕಡ್ಡಿಗಳು ಬಟ್ಟೆಯ ಮೇಲೆ ತಟ್ಟುತ್ತಿದ್ದರೆ, ಕಿವಿಯೊಳಗೆ ದೇವಲೋಕದ ನಗಾರಿ. ಟಿಕ್, ಟಿಕ್ ಎಂದು ಕ್ಲಿಕ್ ದಾರಿ ತೋರಿಸುತ್ತಿತ್ತು. ಇಷ್ಟು ಕರಾರುವಾಕ್ಕಾಗಿ ತಾನು ಎಂದೂ ಬಾರಿಸಿರಲಿಲ್ಲ ಅನಿಸಿತು. ಅಕ್ಕನ ಬೆನ್ನು ಮುಂದೆ ಇತ್ತು. ಅವಳು ಹಾಡುತ್ತಿದ್ದಾಳೆ ಎಂಬುದು ಭುಜದ ಅಲುಗಾಟದಿಂದ ತಿಳಿಯುತ್ತಿತ್ತು. ಅವಳ ದನಿ ಕೇಳಿಸುತ್ತಿಲ್ಲವೆಂಬುದು ಅವನ ಗಮನಕ್ಕೇ ಬರಲಿಲ್ಲ. ಮೂವತ್ತು ವರ್ಷ ಕೇಳಿದ ದನಿಯನ್ನು ಮನಸ್ಸೇ ತುಂಬಿಸಿಕೊಳ್ಳುತ್ತಿತ್ತು.

ಊಟ ಮುಗಿಯುವ ಹೊತ್ತಿಗೆ ಹಿರಿಯರನ್ನು ಕುಣಿಸಬೇಕೆಂದು ಮೊಮ್ಮಕ್ಕಳು ಹಟ ಹಿಡಿದರು. ಮುದುಕ ಎದ್ದು ಕೋಟಿನ ಗುಂಡಿ ಹಾಕಿಕೊಂಡ. ಮುದುಕಿ ಊರುಗೋಲನ್ನು ಕುರ್ಚಿಗೆ ಒರಗಿಸಿ, ಗಂಡನ ಎರಡೂ ಮೊಣಕೈ ಹಿಡಿದು ನಡುವಿನ ಖಾಲಿ ಜಾಗಕ್ಕೆ ಬಂದಳು. ಅವರಿಬ್ಬರೂ ಕೇಳಿಕೊಂಡಿದ್ದ ಹಳೆಯ ಹಾಡು ಶುರುವಾಯಿತು. ಭಾವ ಪಿಟೀಲುಗಳನ್ನು ಓಡಬಿಟ್ಟರು. ಕ್ಲಿಕ್ ಹೊರಟಿತು.

ಒಂದು ಸಾಲು ಮುಗಿಯುವಷ್ಟರಲ್ಲಿ ಅಕ್ಕ ತಿರುಗಿ ನೋಡಿದಳು. ಮೆಚ್ಚಿದಳು ಅಂದುಕೊಂಡು ಗುಡುಗು ತಲೆಯಾಡಿಸಿದ. ಇನ್ನೊಮ್ಮೆ ತಿರುಗಿದಳು. ಆಮೇಲೆ ಬೆನ್ನ ಹಿಂದೆ ಅಂಗೈಯನ್ನು ಕೆಳಕ್ಕೆ ಒತ್ತಿ ಒತ್ತಿ ತೋರಿಸಿದಳು. ಸದ್ದು ಜಾಸ್ತಿಯಾಯಿತೇ? ದೀಪ ನೋಡಿದ. ಹಸಿರು ಹೋಗಿ ಹಳದಿ ಬಂದಿತ್ತು. ಇನ್ನಷ್ಟು ಮೆಲ್ಲಗೆ ತಟ್ಟಿದ. ಮತ್ತೂ ಮೆಲ್ಲಗೆ. ಹಳದಿ ಹೋಗಲಿಲ್ಲ, ಅಕ್ಕನ ಕೈಯೂ ನಿಲ್ಲಲಿಲ್ಲ.

ಚರಣಕ್ಕೆ ಮುಂಚಿನ ಬಿಡುವು ಬಂತು. ಆಗ ಕಿವಿಯೊಳಗೆ ಬೇರೆಯದೇ ಸದ್ದು.

ಟಕ್. ಟಕ್. ಟಕ್.

ಕ್ಲಿಕ್ಕಿಗೂ ಅದಕ್ಕೂ ಹೊಂದಿಕೆಯೇ ಇರಲಿಲ್ಲ. ಪೆಟ್ಟಿಗೆ ಕೆಟ್ಟಿತು ಅಂದುಕೊಂಡ. ಮುಗಿಯಿತು ಇನ್ನು, ಎಂದುಕೊಳ್ಳುತ್ತಾ ಕಣ್ಣು ಕೆಳಗಿಳಿಸಿದರೆ, ಅಕ್ಕ ದೊಡ್ಡ ಡ್ರಮ್ಮಿನ ಪಕ್ಕಕ್ಕೇ ಬಂದು ನಿಂತಿದ್ದಳು. ಮೈಕನ್ನು ಸೊಂಟದ ಬಳಿ ಇಳಿಸಿ, ಬಾಯಿ ಬಿಗಿ ಹಿಡಿದು, ಬೆರಳಿನ ಗೆಣ್ಣಿನಿಂದ ಮರದ ಅಂಚನ್ನು ಬಡಿಯುತ್ತಿದ್ದಳು. ಮಾತಾಡಿದ್ದರೆ ಹಾಲಿಗೆಲ್ಲ ಕೇಳುತ್ತಿತ್ತು.

ಆ ಬಡಿತ ಅವನಿಗೆ ಗೊತ್ತಿತ್ತು. ಅಮ್ಮ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದ ದಿನಗಳಲ್ಲಿ ಮನೆಯಲ್ಲಿ ಮಾತಿಗೆ ಅವಕಾಶವಿರಲಿಲ್ಲ. ಅವನು ದಡದಡನೆ ಓಡಿ ಬಂದರೆ ಅಕ್ಕ ಬಾಗಿಲ ಹಲಗೆಯನ್ನು ಹೀಗೆ ಬಡಿಯುತ್ತಿದ್ದಳು. ನಿಧಾನ ಬಾ, ಅಮ್ಮ ಮಲಗಿದಾಳೆ.

ಅವಳು ಗಲ್ಲದಿಂದಲೇ ಮುಂದೆ ತೋರಿಸಿದಳು. ಗುಡುಗು ಅಷ್ಟು ಹೊತ್ತಿನಿಂದ ದೀಪ ನೋಡಿದ್ದವನು ಮೊದಲ ಬಾರಿಗೆ ದೀಪದ ಕೆಳಗೆ ನೋಡಿದ.

ಮುದುಕಿಯ ಒಂದು ಪಾದ ನೆಲದಿಂದ ಎದ್ದು, ಎಲ್ಲಿಗಿಡಲಿ ಎಂದು ಗಾಳಿಯಲ್ಲಿ ಕಾಯುತ್ತಿತ್ತು. ಇಡುವಷ್ಟರಲ್ಲಿ ತಾಳ ಮುಂದೆ ಹೋಗಿಬಿಡುತ್ತಿತ್ತು. ಮುದುಕ ಅವಳ ಭಾರವನ್ನೆಲ್ಲ ತೋಳಿನಲ್ಲಿ ಹೊತ್ತು, ನಗುವ ಪ್ರಯತ್ನ ಮಾಡುತ್ತಾ, ವೇದಿಕೆಯತ್ತ ಬೇಡುವಂತೆ ನೋಡಿದ. ಹತ್ತಿರದ ಮೇಜಿನವರು ಕಣ್ಣು ತಪ್ಪಿಸಿ ತಟ್ಟೆ ನೋಡುತ್ತಿದ್ದರು. ಮಗಳೊಬ್ಬಳು ಊರುಗೋಲು ಹಿಡಿದು ಅರ್ಧ ಎದ್ದಿದ್ದಳು.

ಕ್ಲಿಕ್ ಬಿಟ್ಟರೆ ಪಿಟೀಲುಗಳು ಬೇರೆ, ತಾನು ಬೇರೆ. ಎಲ್ಲರ ಮುಂದೆ ಹಾಡು ಎರಡು ಹೋಳು. ಭಾವನಿಗೆ ಅಷ್ಟೇ ಸಾಕು. ಗುಡುಗಿನ ಎಡಗೈ ಪೆಟ್ಟಿಗೆಯ ಮೇಲೆ ಹೋಯಿತು. ಕ್ಲಿಕ್ಕಿನ ಗುಂಡಿ ಒತ್ತಿದ.

ಕ್ಲಿಕ್ ನಿಂತಿತು. ಕತ್ತಲಲ್ಲಿ ಮೆಟ್ಟಿಲಿಳಿದಂತೆ ಒಂದೊಂದೇ ಏಟನ್ನು ಕಾಲಿಟ್ಟು ನೋಡುತ್ತಾ ಇಳಿಸಿದ. ಅಕ್ಕನ ಗೆಣ್ಣು, ಅವನ ಕಾಲು. ಗೆಣ್ಣು, ಕಾಲು. ಅವಳು ಅಲ್ಲೇ, ಡ್ರಮ್ಮಿಗೆ ತಾಗಿಕೊಂಡೇ ಮೈಕೆತ್ತಿ ಹಾಡತೊಡಗಿದಳು. ಅಂಚಿಗೆ ಕಚ್ಚಿಕೊಂಡಿದ್ದ ಪುಟ್ಟ ಮೈಕಿಗೆ ಅವಳ ಸ್ವಂತ ಗಂಟಲಿನ ದನಿ ತಾಗಿತು. ಬಾವಿಯ ಆಳದಿಂದ ಬಂದಂತೆ, ಅಲ್ಲಲ್ಲಿ ಬಿರುಕು ಬಿಟ್ಟು, ಅದು ಅವನ ಕಿವಿ ಮುಟ್ಟಿತು. ಇಷ್ಟು ಹೊತ್ತೂ ಈ ದನಿ ಇಲ್ಲದೆಯೇ ಬಾರಿಸುತ್ತಿದ್ದೆನೇ?

ಅತ್ತ ಪಿಟೀಲುಗಳು ಹಗ್ಗ ಕಿತ್ತ ಕರುವಿನಂತೆ ಮುಂದೆ ಓಡಿದ್ದವು. ಭಾವನ ಕತ್ತು ಕೆಂಪಾಯಿತು. ಏನೋ ಇದು, ಎಂದು ಕಣ್ಣಲ್ಲೇ ಗದರಿದರು.

ಮುದುಕಿಯ ಪಾದ ನೆಲ ಸಿಕ್ಕಿ ಊರಿತು. ಇನ್ನೊಂದು ಎದ್ದಿತು. ಅದೂ ಊರಿತು. ಮುದುಕನ ತೋಳು ಸಡಿಲವಾಯಿತು. ಅದನ್ನು ಕಂಡ ಮೊಮ್ಮಕ್ಕಳು ಖುಷಿಯಿಂದ ಚಪ್ಪಾಳೆ ಹೊಡೆಯತೊಡಗಿದರು, ಅವರನ್ನು ನೋಡಿ ನೆಂಟರು, ಇಡೀ ಹಾಲು.

ಬಾಗಿಲ ಮೇಲೆ ಕೆಂಪು ಹತ್ತಿತು.

ಮ್ಯಾನೇಜರ್ ನಿಂತಲ್ಲೇ ನಿಂತ. ಗುಡುಗು ಉಸಿರು ಎಳೆದ. ಒಂದು. ಅಕ್ಕ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು, ಹೋದ ಸಲದಂತೆಯೇ. ಭಾವನ ಬಲಗೈ ಮಿಕ್ಸರಿನ ಮೇಲೆ ಹೋಯಿತು. ಅಲ್ಲಿ ಡ್ರಮ್ಮಿನ ಗುಂಡಿ. ಅದನ್ನು ತಿರುಗಿಸಿದರೆ ಸದ್ದು ಇಳಿಯುತ್ತದೆ, ಪಿಟೀಲು ಉಳಿಯುತ್ತದೆ. ಎರಡು. ಗುಡುಗು ಆ ಬೆರಳುಗಳನ್ನೇ ನೋಡಿದ. ತನ್ನ ಸ್ಟೂಲು, ತನ್ನ ಮುಂದಿನ ವಾರ, ಎಲ್ಲ ಆ ಬೆರಳಿನ ತುದಿಯಲ್ಲಿತ್ತು. ಭಾವ ಹೆಂಡತಿಯ ಕಡೆ ನೋಡಿದರು. ಅವಳು ಅವರನ್ನು ನೋಡಲಿಲ್ಲ. ಅವಳ ಗೆಣ್ಣು ಮಾತ್ರ ಮರದ ಮೇಲೆ ಎದ್ದು ಬೀಳುತ್ತಿತ್ತು. ಭಾವ ಹಾಲಿನ ನಡುವೆ ನೋಡಿದರು. ಮೂರು.

ಕೈ ಮಿಕ್ಸರಿನಿಂದ ಸರಿಯಿತು. ಕೀಬೋರ್ಡಿಗೆ ಹೋಗಿ ಪಿಟೀಲುಗಳನ್ನೇ ನಿಲ್ಲಿಸಿತು.

ಸದ್ದು ತೆಳ್ಳಗಾಯಿತು. ಒಂದು ದನಿ, ಕೆಳಗೆ ಒಂದು ಡ್ರಮ್. ಜನರೂ ತಾವಾಗಿ ಕೈ ನಿಲ್ಲಿಸಿ ಕಿವಿಗೊಟ್ಟರು. ಕೆಂಪು ಒಮ್ಮೆ ಮಿಣುಕಿ, ಹಳದಿಗೆ ಇಳಿಯಿತು. ಭಾವ ಒಂದೇ ಬೆರಳಿನಲ್ಲಿ, ಹೊಸದಾಗಿ ಕಲಿಯುವವರ ಹಾಗೆ, ಮುದುಕಿಯ ಪಾದ ನೋಡುತ್ತಾ ಸ್ವರ ಜೋಡಿಸತೊಡಗಿದರು. ಹಾಡು ಎಷ್ಟು ನಿಧಾನವಾಯಿತೆಂದರೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಆ ಇಬ್ಬರೂ ಹೆಜ್ಜೆ ಹಾಕುವುದನ್ನೇ ಬಿಟ್ಟು, ಸುಮ್ಮನೆ ಒಬ್ಬರಿಗೊಬ್ಬರು ಆತುಕೊಂಡು ತೂಗುತ್ತಿದ್ದರು.

ಎಲ್ಲ ಮುಗಿದ ಮೇಲೆ ಮ್ಯಾನೇಜರ್ ಬಂದು ಹಾಲಿನ ಸ್ಪೀಕರುಗಳನ್ನು ಆರಿಸಿದ.

"ಕೆಂಪು ಬಂದಿತ್ತು ಸಾರ್."

"ಬಂದಿತ್ತು, ಹೋಯ್ತು" ಎಂದರು ಭಾವ.

"ಹೋಯ್ತಲ್ಲ, ಸಾಕು. ನನಗೆ ಊಟಕ್ಕೆ ಹೊತ್ತಾಯ್ತು." ಅವನ ಮುಖದಲ್ಲಿ ಈಗ ನಿಂಬೆಹಣ್ಣು ಇರಲಿಲ್ಲ.

ಗುಡುಗು ಸ್ಟೂಲಿನಿಂದ ಏಳಲಿಲ್ಲ. ತೀರ್ಪು ಭಾವನ ಬಾಯಿಂದ ಇನ್ನೂ ಬಂದಿರಲಿಲ್ಲ. ಇನ್-ಇಯರನ್ನೂ ತೆಗೆಯದೆ ತಲೆ ತಗ್ಗಿಸಿ ಡ್ರಮ್ಮಿನ ಬಟ್ಟೆ ಮಡಿಸುತ್ತಿದ್ದ. ಅವನಿಗೇನೂ ಕೇಳದೆಂದುಕೊಂಡು ಭಾವ ದೊಡ್ಡ ಡ್ರಮ್ಮಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕೀಬೋರ್ಡಿನ ತಂತಿ ಬಿಚ್ಚುತ್ತಾ ಹೆಂಡತಿಗೆ ಮೆಲ್ಲಗೆ ಹೇಳಿದರು:

"ಕೈ ಕಾಲೆಲ್ಲ ತಣ್ಣಗಾಗಿತ್ತು ಕಣೇ. ನಿನ್ನ ತಮ್ಮ ಕ್ಲಿಕ್ ಬಿಟ್ಟನಲ್ಲ, ಆಗ ಸಾಯಿಸ್ಬಿಡ್ಬೇಕು ಅನ್ನಿಸ್ತು. ಆಮೇಲೆ ಆ ತಾಯಿ ಕಾಲು ನೋಡ್ದೆ." ತಂತಿಯ ಒಂದು ಗಂಟು ಬಿಡಿಸಿದರು. "ಮುಂದಿನ ವಾರ ನಿನ್ನ ಮೈಕಿಂದ ಒಂದು ತಂತಿ ಎಳೆದು ಅವನ ಕಿವಿಗೆ ಹಾಕೋಣ, ಮರೀಬೇಡ. ನಾನು ಹೆದರಿದ್ದು ಮಾತ್ರ ಅವನಿಗೆ ಹೇಳ್ಬೇಡ. ತಲೆ ಮೇಲೆ ಹತ್ತಿ ಕೂತ್ಕೋತಾನೆ."

"ನಾನ್ಯಾಕೆ ಹೇಳ್ಲಿ?" ಎಂದಳು ಅಕ್ಕ.

ಗುಡುಗು ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಿಸಿದ. ಆಮೇಲೆ ನಿಧಾನವಾಗಿ ಎರಡೂ ಕಿವಿಗಳಿಂದ ಇನ್-ಇಯರ್ ತೆಗೆದು, ಆಗಷ್ಟೇ ಲೋಕಕ್ಕೆ ಬಂದವನ ಹಾಗೆ ಕೇಳಿದ:

"ಏನಂದ್ರಿ ಭಾವ?"

"ತಂತಿ ಸರಿಯಾಗಿ ಸುತ್ತು ಅಂದೆ. ಪ್ರತಿ ಸಲ ಗಂಟು ಹಾಕ್ತೀಯ."

"ಆಯ್ತು ಭಾವ."

ಅಕ್ಕನ ಕಣ್ಣು ಅವನ ಎಡಗೈ ಪಕ್ಕಕ್ಕೆ ಹೋಯಿತು. ಚಾಡಿಕೋರ ಪೆಟ್ಟಿಗೆಯ ಮೇಲಿನ ಚಿಕ್ಕ ದೀಪ ಇನ್ನೂ ಉರಿಯುತ್ತಿತ್ತು. ಬಗ್ಗಿ ಲೋಟ ಎತ್ತಿಕೊಳ್ಳುವಾಗ, ಗೆಣ್ಣಿನಿಂದ ಮರದ ಅಂಚನ್ನು ಒಂದೇ ಒಂದು ಸಲ ತಟ್ಟಿ ಹೋದಳು.