ಓಣಿಯ ಪಂಚನ ರುಮಾಲು

"ಇನ್ನ ಯಾರು ಬರತಾರ್ರೀ ಹುಜೂರ್? ನನ್ನ ಹೆಸರು ಬರೀರಿ, ಆತು," ಎನ್ನುತ್ತ ಮನ್ಮಥಪ್ಪ ಪಂಚನ ಹೆಸರು ಬರೆದುಕೊಳ್ಳಲು ತಹಸೀಲಿನಿಂದ ಬಂದಿದ್ದ ಪೇಶಕಾರರ ಮುಂದೆ ಎಲೆಯಡಿಕೆಯ ತಟ್ಟೆ ಸರಿಸಿದ.

ಚಾವಡಿಯ ಜಮಖಾನೆಯ ಮೇಲೆ ಅವನ ಜರಿ ರುಮಾಲಿತ್ತು. ಅದರ ಮೇಲೆ ಅವನ ತಮ್ಮಂದಿರ ರುಮಾಲುಗಳು. ಉದಗೀರ ಕೋಟೆಯ ಹಿಂದಿನ ಆ ಓಣಿ ತನ್ನ ಪಂಚನನ್ನು ಆರಿಸುತ್ತಿದ್ದುದೇ ಹೀಗೆ. ಪಂಚನಾಗುವವನು ರುಮಾಲು ನೆಲಕ್ಕಿಡಬೇಕು, ಒಪ್ಪಿದವರು ಅದರ ಮೇಲೆ ತಮ್ಮದನ್ನು ಇಡಬೇಕು. ಮನೆಗೊಂದು ರುಮಾಲು. ಆದರೆ ಬರುವವರು ಯಾರು? ಯಾರಾದರೇನಂತೆ ಎಂದು ಗಂಡಸರೆಲ್ಲ ಹೊಲಕ್ಕೋ ಅಂಗಡಿಗೋ ಹೋಗಿಬಿಡುವರು. ಅವರ ಆ ಸೋಮಾರಿತನವನ್ನೇ ಮೇಯ್ದು ಮನ್ಮಥಪ್ಪ ಇಷ್ಟು ವರ್ಷ ಕೊಬ್ಬಿದ್ದ. ಬರಲಾಗದವನ ರುಮಾಲನ್ನು ಮನೆಯವರು ತಂದಿಟ್ಟರೂ ನಡೆಯುತ್ತದೆ ಎಂಬ ಕಾಯ್ದೆ ಸೇರಿಸಿದವನೂ ಅವನೇ. ಒಮ್ಮೆ ಸಂತೆಗೆ ಹೋದ ತಮ್ಮಂದಿರ ರುಮಾಲುಗಳನ್ನು ಕಂಕುಳಲ್ಲಿ ಒತ್ತಿಕೊಂಡು ಬಂದು ಗೆದ್ದಿದ್ದ.

ಕುರುಬರ ಗುರಮ್ಮನಿಗೆ ಅವನ ಹೆಸರೆತ್ತಿದರೆ ಮೈಯೆಲ್ಲ ಉರಿ. ಪ್ಲೇಗಿನ ವರ್ಷ ಅವಳ ಮನೆಯಲ್ಲಿ ಸತ್ತ ಇಲಿ ಸಿಕ್ಕಿತೆಂದು ಸುಳ್ಳು ಹೇಳಿ, ಸೋಂಕಿದ ಮನೆಯೊಳಗೆ ಬಿಸಿಲು ಬೀಳಬೇಕೆಂಬ ಸರಕಾರಿ ಹುಕುಮು ತೋರಿಸಿ ಅವನು ಛಾವಣಿ ಬಿಚ್ಚಿಸಿದ್ದ. ಅವಳ ಕುರಿಗಳು ತನ್ನ ಕಡಲೆ ಹೊಲ ಹೊಕ್ಕಿದ್ದವೆಂಬುದೇ ಅಸಲು ಸಿಟ್ಟು. ಬರೀ ಚಳಿಜ್ವರದಲ್ಲಿ ಮಲಗಿದ್ದ ಅತ್ತೆ ಮಲಕಮ್ಮ ಮಳೆಯಲ್ಲಿ ನೆನೆದು ನೆನೆದೇ ಸತ್ತಳು. ಕುಲದೇವರು ಬೀರಪ್ಪ ನೋಡಿಕೊಳ್ಳುತ್ತಾನೆ ಎಂದು ಗಂಡ ಬೀರಣ್ಣ ಕುರಿ ಹೊಡೆದುಕೊಂಡು ವಲಾಂಡಿ ಕಡೆ ಹೋದ. ದೇವರು ನೋಡಿಕೊಳ್ಳುವ ತನಕ ಕಾಯುವ ಹೆಂಗಸಲ್ಲ ಗುರಮ್ಮ.

ಹಿಂದಿನ ವಾರವೆಲ್ಲ ಅವಳು ಮನೆ ಮನೆ ತಿರುಗಿದ್ದಳು.

"ನಮಗ್ಯಾಕ ಬೇಕವಾ ಆ ಉಸಾಬರಿ? ಯಾರು ಪಂಚ ಆದ್ರೂ ನೀರು ನಾವೇ ಸೇದಬೇಕು," ಎಂದಿದ್ದಳು ರಂಭಾಬಾಯಿ.

"ಸೇದಾಕ ಬಾವಿ ಬಿಟ್ಟಾನೇನವಾ? ಮುಂಜಾನಿ ಅವನ ಎಮ್ಮಿ ಮೈ ತೊಳದ ಮ್ಯಾಲ ನಿನಗ ರಾಡಿ. ಗಂಡ ಬರಂಗಿಲ್ಲಂದ್ರ ಗಂಡನ ರುಮಾಲರ ತಾ."

"ನಮ್ಮಂವಾ ಬೈತಾನ."

"ಬೈಲಿ. ಕೊಡ ಹೊರಾಕಿ ನೀನಾ, ಅಂವಾ?"

ರಂಭಾಬಾಯಿ ನಕ್ಕುಬಿಟ್ಟಳು. ಯಾವ ಮನೆಯಲ್ಲೂ ಗುರಮ್ಮ ತನ್ನ ಛಾವಣಿಯ ಮಾತೆತ್ತಲಿಲ್ಲ.

ಪೇಶಕಾರರು ಲೇಖನಿ ಎತ್ತುವಷ್ಟರಲ್ಲಿ ಚಾವಡಿಯ ಬಾಗಿಲು ಹೆಂಗಸರಿಂದ ತುಂಬಿಹೋಯಿತು. ಎಲ್ಲರ ಕೈಯಲ್ಲೂ ರುಮಾಲು. ರೇವಣಪ್ಪನ ಹೆಂಡತಿ ಚಂಪಾಬಾಯಿ ಮುಂದೆ ಬಂದು ಗಂಡನ ರುಮಾಲನ್ನು ಜಮಖಾನೆಯ ಇನ್ನೊಂದು ಬದಿಗೆ ಇಟ್ಟಳು. ರೇವಣಪ್ಪ ಪಂಚನಾಗಲು ಒಪ್ಪಿ, ಜೋಳದ ಗಾಡಿ ಹೊಡೆದುಕೊಂಡು ಮುರುಮದ ಪೇಟೆಗೆ ಹೋಗಿದ್ದ.

"ಇದೇನು ತಮಾಷಾ? ಹೆಂಗಸರದು ನಡಿಯಂಗಿಲ್ಲ!" ಮನ್ಮಥಪ್ಪ ಕೂಗಿದ.

ಪೇಶಕಾರರು ಎಲೆಯನ್ನು ದವಡೆಗೆ ಒತ್ತಿದರು. "ರುಮಾಲು ಗಂಡಸರವೇ ಅವ ಅಲ್ರೀ? ತಂದವರು ಮನಿಯವರು. ನಿಮ್ದೇ ಕಾಯ್ದಾ, ಮನ್ಮಥಪ್ಪನೋರ."

ಒಂದರ ಮೇಲೊಂದು ರುಮಾಲು ಬಿದ್ದವು. ಉಣ್ಣೆ ಕತ್ತರಿಸಿ ಒಟ್ಟಿದಂತೆ ರೇವಣಪ್ಪನ ಗುಡ್ಡೆ ಬೆಳೆಯಿತು. ಎಣಿಸುವ ಕೆಲಸವೇ ಉಳಿಯಲಿಲ್ಲ. ಮನ್ಮಥಪ್ಪನ ತಮ್ಮಂದಿರು ತಮ್ಮ ತಮ್ಮದನ್ನು ಎತ್ತಿಕೊಂಡು ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಅವನೂ ಬಗ್ಗಿದ.

"ಹಾಂ ಹಾಂ, ಮುಟ್ಟಬ್ಯಾಡ್ರಿ ಸಾವಕಾರ್ರ," ಎಂದಳು ಗುರಮ್ಮ. "ಪಂಚಕ್ಕ ನಿಂತು ಸೋತವರ ರುಮಾಲು ಗೆದ್ದವರೇ ಎತ್ತಿ ಅವರ ತಲಿಮ್ಯಾಲ ಇಡಬೇಕು. ಹಿರೇರು ಹಾಕಿದ ರೀತಿ."

ಹಗೆ ಉಳಿಯಬಾರದೆಂದು ಹಿರಿಯರು ಮಾಡಿದ ಕಟ್ಟಳೆ ಅದು. ಮನ್ಮಥಪ್ಪನ ಕೈ ಅರ್ಧಕ್ಕೇ ನಿಂತಿತು.

"ಎಲ್ಲಿದ್ದಾನ ನಿಮ್ಮ ರೇವಣಪ್ಪ?"

"ಮುರುಮದಾಗ್ರೀ. ನಾಡದು ಬರತಾನ."

ಅವಳು ಹುಡುಕಿ ಹುಡುಕಿ, ಆ ದಿನ ಊರಲ್ಲಿರದ ರೇವಣಪ್ಪನನ್ನೇ ಒಪ್ಪಿಸಿದ್ದು ಅದಕ್ಕೇ, ಅಲ್ಲಿಯವರೆಗೆ ಸಾವಕಾರ ಬರಿ ತಲೆಯಲ್ಲೇ ತಿರುಗಲಿ ಎಂದು. ಮನ್ಮಥಪ್ಪ ಪೇಶಕಾರರತ್ತ ನೋಡಿದ. ಅವರು ಕಾಗದದಿಂದ ತಲೆ ಎತ್ತಲಿಲ್ಲ. ಅವನ ಬೋಳು ನೆತ್ತಿಯಿಂದ ಬೆವರಿಳಿಯುತ್ತಿತ್ತು. ಗುರಮ್ಮ ಕಣ್ಣು ತುಂಬ ನೋಡಿದಳು. ಅವಳಿಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

"ಬಿಸಲು ಭಾಳ ಅದ, ಗುರವ್ವಾ," ಎಂದ ಅವನು, ದನಿ ಇಳಿಸಿ.

"ನಮ್ಮತ್ತಿಗಿ ಮಳಿ ಭಾಳ ಇತ್ರೀ."

ಅವನು ಬರಿ ತಲೆಯಲ್ಲಿ ಓಣಿಗಿಳಿದ. ಅವನ ಕೆಮ್ಮು ಕೇಳಿದರೆ ಸಾಕು, ಸೆರಗೆಳೆದುಕೊಂಡು ಗೋಡೆಗೆ ಮುಖ ಮಾಡುತ್ತಿದ್ದ ಹೆಂಗಸರು ಚಾವಡಿಯಿಂದ ಆಗಲೇ ಹೊರಟುಬಂದು ಎರಡೂ ಬದಿಯ ಹೊಸ್ತಿಲುಗಳ ಮೇಲೆ ನಿಂತಿದ್ದರು. ಅವನು ಕೆಮ್ಮಿದ. ರಂಭಾಬಾಯಿಯ ಸೆರಗು ಹೆಗಲ ಮೇಲೆಯೇ ಇತ್ತು.