ಮೂರು ಸಾಲಿನ ಜಾಗ

ನಮ್ಮ ಪತ್ರಿಕೆಯ ಏಳನೆಯ ಪುಟದ ಬಲಮೂಲೆಯಲ್ಲಿ ‘ಗೊತ್ತಿರಲಿ’ ಎಂಬ ಸಣ್ಣ ಚೌಕವಿದೆ. ಆಕ್ಟೋಪಸ್‌ಗೆ ಮೂರು ಹೃದಯ, ಯಾವುದೋ ಮಂತ್ರಿಯ ನಾಲಿಗೆ ಜಾರಿದ ಮಾತು, ಹೀಗೆ ಓದಿದ್ದರಲ್ಲಿ ಹೆಕ್ಕಿ ಅದನ್ನು ತುಂಬಿಸುವುದು ಆರು ವರ್ಷಗಳಿಂದ ನನ್ನ ಕೆಲಸ. ಬೆಳಿಗ್ಗೆ ಅದನ್ನು ಅಪ್ಪನಿಗೆ ಓದಿಹೇಳುವವಳೂ ನಾನೇ.

ಅಪ್ಪ ಅದೇ ಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವರು. ಈಗ ಎರಡೂ ಕಣ್ಣಿಗೆ ಪೊರೆ. ಓದಿದ ಮೇಲೆ ನಾನು ಚೌಕವನ್ನು ಕತ್ತರಿಸಿ ಅವರ ನೋಟುಬುಕ್ಕಿಗೆ ಅಂಟಿಸಬೇಕು. ಅಪ್ಪ ಬೆರಳಿನಿಂದ ಅಂಚು ಸವರಿ, “ಎಡಕ್ಕೆ ವಾಲಿದೆ” ಎನ್ನುತ್ತಾರೆ. ವಾಲಿಯೇ ಇರುತ್ತದೆ.

ಅವರ ಕಾಲದಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟಿರುತ್ತಿದ್ದರು. ಇಬ್ಬರನ್ನು ದಾಟದೆ ಏನೂ ಅಚ್ಚಾಗುವುದಿಲ್ಲ ಎಂದು ಅಪ್ಪ ಇವತ್ತಿಗೂ ನಂಬಿದ್ದಾರೆ. ಆ ಕೋಣೆಯಲ್ಲೀಗ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ಅದನ್ನು ನಾನು ಅವರಿಗೆ ಹೇಳಿಲ್ಲ.

ಎರಡು ತಿಂಗಳ ಹಿಂದೆ ಒಂದು ಜಾಹೀರಾತು ಕೊನೆಗಳಿಗೆಯಲ್ಲಿ ಕುಗ್ಗಿ ಮೂರು ಸಾಲಿನ ಜಾಗ ಖಾಲಿ ಉಳಿಯಿತು. ಪುಟ ಕಟ್ಟುವವನು ನನ್ನ ಬೆನ್ನ ಹಿಂದೆಯೇ ನಿಂತಿದ್ದ.

“ಏನಾದ್ರೂ ತುಂಬಿ ಮೇಡಂ. ಇದನ್ನೆಲ್ಲ ಯಾರು ಓದ್ತಾರೆ?”

ಮೈಯಲ್ಲಿ ಜ್ವರವಿತ್ತು. ನಾನು ಬರೆದೆ: ದೂರದ ದ್ವೀಪವೊಂದರ ಮೀನುಗಾರರಿಗೆ ಎಪ್ಪತ್ತೈದು ತುಂಬಿದ ಮೇಲೆ ಕಣ್ಣಿನ ಪೊರೆ ತಾನಾಗಿಯೇ ಕಳಚುತ್ತದೆ.

ಅಂಥ ದ್ವೀಪವೇ ಇಲ್ಲ. ಮಾರನೆಯ ಬೆಳಿಗ್ಗೆ ನನಗೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಪಕ್ಕದ ಮನೆಯ ಮೇಷ್ಟ್ರು ಬಂದು ಅಪ್ಪನಿಗೆ ಓದಿಹೇಳಿದರು, ಅಂಟಿಸಿಯೂ ಕೊಟ್ಟರು.

ಅಪ್ಪನಿಗೆ ಈಗ ಎಪ್ಪತ್ನಾಲ್ಕು. ಪೊರೆ ಬಲಿತಿದೆ, ಈ ತಿಂಗಳು ದಾಟಿದರೆ ಬಲಗಣ್ಣು ಉಳಿಯುವುದು ಕಷ್ಟ ಎಂದರು ಡಾಕ್ಟರು.

“ಎಂಟು ತಿಂಗಳು ತಡಿ,” ಎಂದರು ಅಪ್ಪ. “ತಾನಾಗೇ ಹೋಗೋದಕ್ಕೆ ಕತ್ತರಿ ಯಾಕೆ?”

“ಅಪ್ಪ, ಅದು ಸುಳ್ಳು. ನಾನೇ ಕಟ್ಟಿ ಬರೆದದ್ದು.”

ಅಪ್ಪ ನಕ್ಕರು. “ಆಪರೇಷನ್ ಮಾಡ್ಸೋಕೆ ಇಷ್ಟು ದೊಡ್ಡ ನಾಟಕಾನಾ? ಮೇಷ್ಟ್ರು ತರಿಸೋ ಪೇಪರಲ್ಲೂ ಬಂತಂತೆ. ಅದನ್ನೂ ನೀನೇ ಬರೆದ್ಯಾ?”

ಆ ಪತ್ರಿಕೆಯವರು ನಮ್ಮದನ್ನೇ ಎತ್ತಿ ಹಾಕಿಕೊಂಡಿದ್ದರು. ನನ್ನ ಸುಳ್ಳಿಗೆ ಸಾಕ್ಷಿ ಸಿಕ್ಕಿತ್ತು.

ತಿದ್ದುಪಡಿ ಹಾಕೋಣ ಎಂದು ಸುದ್ದಿ ಸಂಪಾದಕರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಮೂರು ಸಾಲಿಗೆ ತಿದ್ದುಪಡಿ ಯಾಕಮ್ಮ? ಹಾಕಿದ್ರೆ, ಬರೆದೋರು ಯಾರು ಅಂತ ನಾನು ಕೇಳ್ಬೇಕಾಗುತ್ತೆ. ಕೇಳಲಾ?”

ನಾನು ನನ್ನ ಕುರ್ಚಿಗೆ ಮರಳಿದೆ. ಮನೆ ನಡೆಯುವುದು ಆ ಕುರ್ಚಿಯಿಂದ.

ಗುರುವಾರ ಬೆಳಿಗ್ಗೆ ಅಪ್ಪನ ಮುಂದೆ ಪತ್ರಿಕೆ ಬಿಡಿಸಿ, ಅದರಲ್ಲಿಲ್ಲದ್ದನ್ನು ಓದಿದೆ. “ತಿದ್ದುಪಡಿ. ಮೀನುಗಾರರ ಕಣ್ಣಿನ ಪೊರೆಯ ಬಗ್ಗೆ ಪ್ರಕಟವಾದ ಮಾಹಿತಿ ತಪ್ಪು. ಪ್ರಮಾದಕ್ಕೆ ವಿಷಾದಿಸುತ್ತೇವೆ.”

ಅಪ್ಪ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಅದರಲ್ಲಿದ್ದ ಚಹಾ ಕೆನೆಗಟ್ಟಿತು.

“ಇನ್ನೊಂದ್ಸಲ ಓದು.”

ಓದಿದೆ. ಒಂದು ಪದವೂ ಆಚೀಚೆ ಆಗದಂತೆ ನೋಡಿಕೊಂಡೆ. ಅವರು ಹುಡುಕುತ್ತಿದ್ದುದು ಅಂಥ ವ್ಯತ್ಯಾಸವನ್ನೇ.

“ವಿಷಾದಿಸುತ್ತೇವೆ ಅಂತ ಹಾಕಿದ್ದಾರಲ್ಲ. ಹಾಗಾದ್ರೆ ಸರಿ,” ಎಂದರು. “ಡಾಕ್ಟ್ರಿಗೆ ಹೇಳು. ಇದನ್ನೂ ಅಂಟ್ಸು, ಹಳೇದರ ಪಕ್ಕದಲ್ಲೇ.”

ನಾನು ಹವಾಮಾನದ ಮೂರು ಸಾಲು ಕತ್ತರಿಸಿ ಅಂಟಿಸಿದೆ. ಅಪ್ಪ ಅಂಚು ಸವರಿದರು.

“ಇವತ್ತು ನೇರ ಬಂದಿದೆ.”

ಬಲಗಣ್ಣಿನ ಶಸ್ತ್ರಚಿಕಿತ್ಸೆ ಇವತ್ತು ಮುಗಿಯಿತು. ಕಣ್ಣು ಉಳಿಯಿತು. ನಾಳೆ ಹತ್ತಕ್ಕೆ ಪಟ್ಟಿ ಬಿಚ್ಚುತ್ತಾರೆ. ಬಟ್ಟೆ ತರಲು ನಾನು ಮನೆಗೆ ಹೊರಟಾಗ ಅಪ್ಪ ಕರೆದರು. “ನೋಟ್‌ಬುಕ್ ಮರೀಬೇಡ. ಆರು ವರ್ಷದಿಂದ ಏನೇನು ವಕ್ರವಕ್ರ ಅಂಟಿಸಿದ್ದೀಯ, ಮೊದಲು ಅದನ್ನ ನೋಡ್ಬೇಕು.”

ಮನೆಗೆ ಬಂದು ಹವಾಮಾನದ ತುಂಡು ಅಂಟಿಸಿದ ಪುಟ ತೆರೆದೆ. ಉಗುರಿನಿಂದ ಮೂಲೆ ಎಬ್ಬಿಸಲು ನೋಡಿದೆ. ಅಂಟು ಗಟ್ಟಿಯಾಗಿದೆ, ಕೆಳಗಿನ ಹಾಳೆಯೂ ಜೊತೆಗೇ ಏಳುತ್ತದೆ. ಹಾಳೆಯನ್ನೇ ಹರಿಯೋಣವೆಂದರೆ, ಕಣ್ಣು ಚೆನ್ನಾಗಿದ್ದ ದಿನಗಳಲ್ಲೇ ಅಪ್ಪ ಪ್ರತಿ ಪುಟಕ್ಕೂ ಕೆಂಪು ಶಾಯಿಯಲ್ಲಿ ಸಂಖ್ಯೆ ಹಾಕಿಟ್ಟಿದ್ದಾರೆ.

ಟವೆಲ್ಲು, ಎರಡು ಅಂಗಿ, ಹಲ್ಲುಜ್ಜುವ ಬ್ರಷ್ಷು ಚೀಲಕ್ಕೆ ತುಂಬಿದೆ. ಎಲ್ಲಕ್ಕಿಂತ ಮೇಲೆ ನೋಟುಬುಕ್ಕನ್ನು ಇಟ್ಟೆ.